ಮೂರು ಮೊಳದ ಕೋಲು

ಕೋಲು ಮೂರು ಮೊಳ ಉದ್ದವಿತ್ತು.

ಅದರ ಒಂದು ತುದಿಯನ್ನು ಕಲ್ಯಾಣಪ್ಪ ಗೌಡರ ಸೊಸೆ ಗೌರಾಬಾಯಿ ಹಿಡಿದಿದ್ದಳು. ಇನ್ನೊಂದು ತುದಿಯನ್ನು ದಲಿತ ಕೇರಿಯ ನಿಂಬೆವ್ವ ಹಿಡಿದಿದ್ದಳು. ಗೌರಾಬಾಯಿಯ ಕಣ್ಣಿಗೆ ಬಿಳಿ ಬಟ್ಟೆ ಬಿಗಿದಿತ್ತು. ಅವಳ ಎಡಗೈಯಲ್ಲಿ ಒಂದು ಬೇವಿನ ಗೂಟವಿತ್ತು. ಇಬ್ಬರ ಹಿಂದೆ ಇಡೀ ಕರಿಕಟ್ಟಿ ಊರು ಬಾಯಿ ಮುಚ್ಚಿಕೊಂಡು ನಡೆಯುತ್ತಿತ್ತು. ಯಾರಾದರೂ ಒಂದು ಮಾತಾಡಿದರೆ ನಲವತ್ತು ಅಂಕ ಹೋಗುತ್ತಿದ್ದವು.

ಹನುಮಪ್ಪನ ಗುಡಿಯ ಮುಂದೆ ದಾರಿ ಎರಡಾಗುತ್ತದೆ. ಬಲಕ್ಕೆ ಗೌಡರ ವಾಡೆ. ಎಡಕ್ಕೆ ಕೇರಿ.

ನಿಂಬೆವ್ವ ಅಲ್ಲಿ ನಿಂತಳು.

ಊರು ಉಸಿರು ಹಿಡಿಯಿತು. ಏಕೆ ಹಿಡಿಯಿತೆಂದು ತಿಳಿಯಲು ಐದು ದಿನ ಹಿಂದಕ್ಕೆ ಹೋಗಬೇಕು.

೧೯೮೮ನೆಯ ಇಸವಿ. ಶಿವರಾತ್ರಿ ಕಳೆದ ವಾರ ಅಫಜಲಪುರದ ಬಸ್ಸಿನಿಂದ ದೌಲತರಾಯನೆಂಬ ಯುವಕ ಕರಿಕಟ್ಟಿಯಲ್ಲಿ ಇಳಿದ. ಆಳಂದದವನು, ಬಿ.ಎ. ಓದಿದವನು. ಗುಲಬರ್ಗಾದ ಒಂದು ಸಂಸ್ಥೆಯಲ್ಲಿ ತರಬೇತುದಾರನಾಗಿದ್ದ. ಅವನ ಟ್ರಂಕಿನಲ್ಲಿ ಒಂದು ಸೀಟಿ, ಇಪ್ಪತ್ತು ಬಲೂನು, ಬಣ್ಣದ ಹಾಳೆಗಳು ಮತ್ತು ಒಂದು ದಪ್ಪ ಕೈಪಿಡಿ ಇದ್ದವು. ಕೈಪಿಡಿಯ ಹೆಸರು 'ಸಮುದಾಯ ನಾಯಕತ್ವ ವಿಕಾಸ ಶಿಬಿರ'. ಐದು ದಿನಗಳಲ್ಲಿ ಊರಿನ ಹೆಂಗಸರ ನಡುವಿನಿಂದ ಒಬ್ಬ ನಾಯಕಿಯನ್ನು ತಯಾರು ಮಾಡುವ ಬಗೆಯನ್ನು ಅದು ವಿವರಿಸುತ್ತಿತ್ತು.

ನಾಯಕಿ ತಯಾರಾದರೆ ಊರಿಗೆ ಒಂದು ಕೈಪಂಪು ಸಿಗುತ್ತಿತ್ತು. ಭೂಮಿಯೊಳಗಿನ ನೀರು ನೋಡುವವರು ಆಗಲೇ ಬಂದು ಎರಡು ಜಾಗಗಳಲ್ಲಿ ಸುಣ್ಣದ ವೃತ್ತ ಬರೆದು ಹೋಗಿದ್ದರು. ಒಂದು ಗೌಡರ ವಾಡೆಯ ಗೋಡೆಗೆ ಹತ್ತಿಕೊಂಡಿತ್ತು. ಇನ್ನೊಂದು ಕೇರಿಯೊಳಗಿತ್ತು. ನಾಯಕಿ ಯಾವ ವೃತ್ತದಲ್ಲಿ ಗೂಟ ನೆಡುತ್ತಾಳೋ ಅಲ್ಲಿ ಬೋರು ಕೊರೆಯಬೇಕು. ಕೊನೆಯ ದಿನ ಮೌಲ್ಯಮಾಪನ. ನೂರಕ್ಕೆ ಅರವತ್ತು ಅಂಕ ಬಾರದಿದ್ದರೆ ಬೋರಿನ ಗಾಡಿ ಮುಂದಿನ ಊರಿಗೆ ಹೋಗುತ್ತದೆ.

ನಿಂಬೆವ್ವನಿಗೆ ಅಂಕಗಳ ಲೆಕ್ಕ ತಿಳಿಯುತ್ತಿರಲಿಲ್ಲ. ನೀರಿನ ಲೆಕ್ಕ ತಿಳಿಯುತ್ತಿತ್ತು.

ಊರಿಗೆ ಇದ್ದದ್ದು ಗೌಡರ ಬಾವಿ ಒಂದೇ. ಕೇರಿಯ ಹೆಂಗಸರು ಅದರ ಮೆಟ್ಟಿಲು ಹತ್ತುವಂತಿರಲಿಲ್ಲ. ಕೆಳಗಿನ ಚಪ್ಪಡಿಯ ಬಳಿ ಕೊಡ ಇಟ್ಟು ದೂರ ನಿಲ್ಲಬೇಕು. ಮೇಲಿನಿಂದ ಯಾರಾದರೂ ಮನಸ್ಸು ಮಾಡಿ ಸುರಿಯಬೇಕು. ಸುರಿಯುವವರು ಕೊಡಕ್ಕೆ ತಾಗಬಾರದೆಂದು ಎತ್ತರದಿಂದ ಸುರಿಯುತ್ತಿದ್ದರು. ಅರ್ಧ ನೀರು ಕೊಡದೊಳಗೆ ಬೀಳುತ್ತಿತ್ತು. ಅರ್ಧ ನೆಲಕ್ಕೆ ಬೀಳುತ್ತಿತ್ತು. ನಿಂಬೆವ್ವ ಬೆಳಗ್ಗೆ ಎದ್ದು ಹೋಗಿ ನಿಂತರೆ ಬಿಸಿಲೇರುವವರೆಗೆ ನಿಂತಿರುತ್ತಿದ್ದಳು. ಆಮೇಲೆ ಹೊಲಕ್ಕೆ ಹೋಗಿ ಸಂಜೆಯವರೆಗೆ ಕುಕ್ಕರಗಾಲಿನಲ್ಲಿ ಕೂತು ಕಳೆ ತೆಗೆಯುತ್ತಿದ್ದಳು. ತಡವಾಗಿ ಬಂದಳೆಂದು ಹೊಲದಲ್ಲಿ ಬೈಗುಳ. ಹೊಲವೂ ಗೌಡರದೇ. ತಡ ಮಾಡಿಸಿದ ಬಾವಿಯೂ ಗೌಡರದೇ.

ಶಿಬಿರ ಶಾಲೆಯಲ್ಲಿ ನಡೆಯಿತು. ಮೂವತ್ತು ಹೆಂಗಸರಲ್ಲಿ ಆರು ಮಂದಿ ಕೇರಿಯವರಿರಬೇಕೆಂದು ಕೈಪಿಡಿ ಹೇಳಿತ್ತು. ಹಾಗಾಗಿ ಆರು ಮಂದಿ ಇದ್ದರು. ಎಲ್ಲಿ ಕೂರಬೇಕೆಂದು ಕೈಪಿಡಿ ಹೇಳಿರಲಿಲ್ಲ. ಇಪ್ಪತ್ನಾಲ್ಕು ಮಂದಿ ಜಮಖಾನೆಯ ಮೇಲೆ ಕೂತರು. ಆರು ಮಂದಿ ಬಾಗಿಲ ಬಳಿ ಗೋಣಿಚೀಲದ ಮೇಲೆ ಕೂತರು. ಗೋಡೆಯ ಮೇಲಿದ್ದ ಬಸವಣ್ಣನವರ ಪಟಕ್ಕೆ ಗೌಡರೇ ಕೈಯಾರೆ ಹಾರ ಹಾಕಿದರು.

ದೌಲತರಾಯ ಸೀಟಿ ಊದಿದ.

"ತಾಯಂದಿರೇ, ನಾಯಕಿ ಅಂದ್ರ ಯಾರು? ಹೇಳ್ರಿ ನೋಡೋಣು."

ಗೋಣಿಚೀಲದ ಮೇಲಿಂದ ಮುದುಕಿ ಬಾಳಮ್ಮ ತಂಬಾಕು ಬದಿಗೊತ್ತಿ ಬಾಯಿ ತೆರೆದಳು.

"ಮುಂದ ನಡಿಯಾಕಿರಿ ಸಾಹೇಬ್ರ."

"ಶಹಬ್ಬಾಸ್! ಮತ್ತ ಈ ಊರಾಗ ಮುಂದ ನಡಿಯಾಕಿ ಯಾರು?"

"ಮುಂದ ನಡಿಯೋರ ಕಾಲಿಗೇ ಮುಳ್ಳು ಮೊದಲ ಚುಚ್ಚತಾವರಿ. ಅದಕ್ಕ ಗೌಡಸಾನಿಯವ್ರನ್ನೇ ಮಾಡ್ರಿ. ಊರಾಗ ಚಪ್ಪಲಿ ಹಾಕ್ಕೊಳ್ಳಾಕ ಪರವಾನಗಿ ಅವರಿಗೇ ಅದ."

ನಿಂಬೆವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಜಮಖಾನೆಯ ಮೇಲೂ ಒಂದಿಬ್ಬರು ನಕ್ಕು, ಕೂಡಲೇ ಕೆಮ್ಮಿದರು. ದೌಲತರಾಯ ತನ್ನ ಹಾಳೆಯಲ್ಲಿ 'ಭಾಗವಹಿಸುವಿಕೆ ಉತ್ತಮ' ಎಂದು ಬರೆದುಕೊಂಡ.

ಗೌರಾಬಾಯಿ ನಾಯಕಿಯಾಗುವುದು ಶಿಬಿರ ಶುರುವಾಗುವ ಮೊದಲೇ ತೀರ್ಮಾನವಾಗಿತ್ತು. ಅವಳು ಅಫಜಲಪುರದಲ್ಲಿ ಏಳನೆಯ ತರಗತಿಯವರೆಗೆ ಓದಿದ್ದಳು. ಸಹಿ ಮಾಡಬಲ್ಲವಳಾಗಿದ್ದಳು. ಮದುವೆಗಾಗಿ ಶಾಲೆ ಬಿಡಿಸಿದ ವರ್ಷವೂ ತರಗತಿಗೆ ಮೊದಲಿಗಳಾಗಿದ್ದಳಂತೆ. ಹತ್ತು ವರ್ಷದ ನಂತರ ಒಂದು ಪರೀಕ್ಷೆ ಸಿಕ್ಕಿತ್ತು. ಅದರಲ್ಲೂ ಗೆಲ್ಲಬೇಕೆಂಬ ಹಟ ಅವಳ ಕಣ್ಣಿನಲ್ಲಿ ಕಾಣುತ್ತಿತ್ತು.

ತೊಡಕು ಬಂದದ್ದು ಮೂರನೆಯ ದಿನ.

ಆ ದಿನದ ಪಾಠ 'ನಂಬಿಕೆಯ ನಡಿಗೆ'. ಅದಕ್ಕೆ ನಲವತ್ತು ಅಂಕ. ಒಬ್ಬಳು ಕಣ್ಣು ಕಟ್ಟಿಕೊಳ್ಳಬೇಕು. ಇನ್ನೊಬ್ಬಳು ಕೈ ಹಿಡಿದು ನಡೆಸಬೇಕು. ಜನರನ್ನು ನಂಬಿ ನಡೆಯುವವಳೇ ನಿಜವಾದ ನಾಯಕಿ ಎಂದು ಕೈಪಿಡಿ ಸಾರುತ್ತಿತ್ತು. ಜೋಡಿಗಳನ್ನು ಚೀಟಿ ಎತ್ತಿ ಆರಿಸಬೇಕು, ಆರಿಸಿದ್ದನ್ನು ದಫ್ತರದಲ್ಲಿ ದಾಖಲಿಸಬೇಕು. ದೌಲತರಾಯ ಡಾಲ್ಡಾ ಡಬ್ಬಿಯಲ್ಲಿ ಚೀಟಿ ಕಲಸಿದ. ಮೊದಲ ಚೀಟಿ ಗೌರಾಬಾಯಿಯದು. ಎರಡನೆಯದು ನಿಂಬೆವ್ವನದು. ಓದಿದವನೇ ದಫ್ತರದಲ್ಲಿ ಬರೆದೂಬಿಟ್ಟ. ಆಮೇಲೆ ತಲೆ ಎತ್ತಿ ನೋಡಿದ.



"ಏಳ್ರಿ, ಕೈ ಹಿಡಕೊಳ್ರಿ" ಎಂದು ಹೇಳಬೇಕಾದವನು ಡಬ್ಬಿಯ ಮುಚ್ಚಳ ಹಾಕಿದ. ಗೌರಾಬಾಯಿ ತನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನಿಂಬೆವ್ವ ತನ್ನ ಕೈಯನ್ನು ನೋಡಿಕೊಂಡಳು. ಕಳೆ ತೆಗೆಯುವ ಕುರ್ಪಿ ಹಿಡಿದು ಹಿಡಿದು ಅಂಗೈ ದಡ್ಡುಗಟ್ಟಿತ್ತು. ಬೇರೆ ದೋಷವೇನೂ ಅವಳಿಗೆ ಕಾಣಲಿಲ್ಲ.

ಹೊರಗಿನ ಕಟ್ಟೆಯ ಮೇಲಿಂದ ಕಲ್ಯಾಣಪ್ಪ ಗೌಡರ ದನಿ ಬಂತು.

"ಮಾಸ್ತರ, ಒಂದು ಕೋಲು ತರಸ್ರಿ."

"ಕೈಪಿಡಿಯಾಗ ಕೈ ಅಂತ ಅದರೀ ಗೌಡ್ರ…"

"ಕೋಲು ಬ್ಯಾಡ ಅಂತ ಬರದಾರೇನು?"

ದೌಲತರಾಯ ಹಾಳೆ ತಿರುವಿದ. ಬರೆದಿರಲಿಲ್ಲ.

ಕೋಲು ಬಂತು. ತುದಿಗಳು ಅದಲುಬದಲಾಗಬಾರದೆಂದು ಗೌರಾಬಾಯಿಯ ತುದಿಗೆ ಕೆಂಪು ಬಟ್ಟೆ ಕಟ್ಟಿದರು. ಸಂಜೆ ಅದನ್ನು ಗೋಡೆಗೆ ತೂಗುಹಾಕುವಾಗ ಕೆಂಪು ತುದಿ ಮೇಲಿರುವಂತೆ, ನಿಂಬೆವ್ವನ ತುದಿ ನೆಲದ ಕಡೆಗಿರುವಂತೆ ನೋಡಿಕೊಂಡರು. ಮರುದಿನ ಕೋಲು ತೆಗೆದುಕೊಳ್ಳುವಾಗ ನಿಂಬೆವ್ವ ಕೆಂಪು ಬಟ್ಟೆಯ ಹತ್ತಿರ ಕೈ ಒಯ್ದಳೆಂದು ಜಮಖಾನೆಯ ಹೆಂಗಸೊಬ್ಬಳು ಚೀರಿದಳು. ಕೋಲನ್ನು ತೊಳೆಸಿದರು. ತೊಳೆದವಳು ನಿಂಬೆವ್ವನೇ. ತೊಳೆದ ಮೇಲೆ ಅದು ಮಡಿಯಾದದ್ದು ಹೇಗೆಂದು ಬಾಳಮ್ಮ ಕೇಳಿದಳು.

ಅಭ್ಯಾಸದ ನಡಿಗೆ ನಗೆಪಾಟಲಾಯಿತು. ದಾರಿಯ ಬದಿಯ ಗಂಡಸರೆಲ್ಲ "ಬಲಕ್ಕ! ಎಡಕ್ಕ! ನಿಂದರ್ರಿ!" ಎಂದು ಕೂಗಿದರು. ಯಾರ ಮಾತು ಕೇಳಬೇಕೆಂದು ತಿಳಿಯದೆ ಗೌರಾಬಾಯಿ ಒಂದು ಎಮ್ಮೆಕರುವಿಗೆ ಢಿಕ್ಕಿ ಹೊಡೆದಳು. ಕರು ಅವಳ ಸೆರಗು ನೆಕ್ಕಿತು. ದೌಲತರಾಯ ಕೋಪದಿಂದ ಶಿಬಿರದ ಹತ್ತು ನಿಯಮಗಳ ಕೆಳಗೆ ಹನ್ನೊಂದನೆಯ ನಿಯಮ ಬರೆದ: ನಡಿಗೆಯ ವೇಳೆ ಜೋಡಿಯ ಹೊರತು ಯಾರೂ ಮಾತಾಡಕೂಡದು, ಒಂದು ಮಾತು ಆಡಿದರೂ ನಡಿಗೆಯ ನಲವತ್ತು ಅಂಕವೂ ಕಡಿತ. ಕೊನೆಯ ದಿನ ಈ ನಡಿಗೆಯಲ್ಲೇ ಹೋಗಿ ಗೂಟ ನೆಡುವುದೆಂದೂ ಅವನೇ ಸಾರಿದ. ನೋಡಲು ಚಂದವಿರುತ್ತದೆ ಎಂಬುದು ಅವನ ಯೋಚನೆ.

ಗೌಡರು ಕೇರಿಯ ಕಡೆ ಕಣ್ಣು ಹಾಯಿಸಿದರು.

"ಚಂದ ಇರಲಿ. ಗೂಟ ನೆಟ್ಟ ಮ್ಯಾಲ ಯಾರರೆ ಕಿತ್ತು ಬ್ಯಾರೆ ಕಡೆ ಹುಗದ್ರ? ಅದಕ್ಕೊಂದು ಕಲಮು ಬರೀರಿ."

ಹನ್ನೆರಡನೆಯ ನಿಯಮ ಹಾಗೆ ಹುಟ್ಟಿತು: ಒಮ್ಮೆ ನೆಟ್ಟ ಗೂಟವನ್ನು ಯಾವ ಕಾರಣಕ್ಕೂ ಯಾರೂ ಕದಲಿಸಕೂಡದು. ಗೌಡರು ಸಹಿ ಹಾಕಿದರು. ಸಾಲದೆಂದು ಮೊಹರನ್ನೂ ಒತ್ತಿದರು.

ನಾಲ್ಕನೆಯ ದಿನ ಸಂಜೆ ಅವರು ನಿಂಬೆವ್ವನನ್ನು ಕರೆಸಿದರು. ಅವಳು ವಾಡೆಯ ಅಂಗಳದ ಹೊರಗೆ ನಿಂತಳು. ಅವಳ ಗಂಡ ಸೈದಪ್ಪ ಒಳಗೆ ಎತ್ತುಗಳಿಗೆ ಮೇವು ಹಾಕುತ್ತಿದ್ದ. ಅವನು ಆ ಮನೆಯ ವರ್ಷದ ಆಳು.

"ಗುಡಿ ಮುಂದ ಬಲಕ್ಕ ಹೊಳ್ಳಬೇಕು. ತಿಳೀತೇನು ಬೇ?"

"ಹೂಂನ್ರಿ."

"ನಿಮ್ಮ ಸೈದಪ್ಪಂದು ಯುಗಾದಿಗೆ ವರ್ಷ ಮುಗೀತದ. ಮುಂದಿನ ವರ್ಷಕ್ಕ ಆಳು ಯಾರಂತ ಇನ್ನಾ ವಿಚಾರ ಮಾಡಾಕತ್ತೇನಿ."

ಸೈದಪ್ಪ ಅವಳ ಜೊತೆ ಮನೆಗೆ ಹೊರಟ. ಗುಡಿಯ ಹತ್ತಿರ ನಿಂತು, ಎಡಕ್ಕೂ ಬಲಕ್ಕೂ ನೋಡಿದ.

"ನೀ ಏನಂತಿ?" ಎಂದು ನಿಂಬೆವ್ವ ಕೇಳಿದಳು.

"ಕೋಲು ಹಿಡದಾಕಿ ನೀನು. ನನ್ನೇನು ಕೇಳ್ತಿ?"

ಮಾತು ಬಿರುಸಾಗಿತ್ತು. ಆದರೆ ಬೇಡ ಎಂದು ಅವನು ಹೇಳಲಿಲ್ಲ.

ಐದನೆಯ ದಿನ ಮೌಲ್ಯಮಾಪಕಿ ಬಂದಳು. ಜೇವರ್ಗಿಯ ಜೈತುನಬಿ. ನಡುವಯಸ್ಸು, ದಪ್ಪ ಕನ್ನಡಕ, ಕಂಕುಳಲ್ಲಿ ಹಾಳೆಗಳ ಕಟ್ಟು. ಚಹಾ ಕುಡಿಯಲಿಲ್ಲ, ಹಾರ ಹಾಕಿಸಿಕೊಳ್ಳಲಿಲ್ಲ. ಅವಳ ಕಣ್ಣು ಮೊದಲು ಗೋಡೆಯ ಕೋಲಿನ ಮೇಲೆ ಬಿತ್ತು.

"ಇದ್ಯಾಕ?"

"ಸ್ಥಳೀಯ ಸಾಮಗ್ರಿಯ ಬಳಕೆ, ಮೇಡಂ" ಎಂದ ದೌಲತರಾಯ.

ಜೈತುನಬಿ ಕನ್ನಡಕದ ಮೇಲಿಂದ ಅವನನ್ನು ಒಂದು ಕ್ಷಣ ನೋಡಿದಳು. ಏನೋ ಬರೆಯಲು ಹೋದಳು. ಬರೆಯಲಿಲ್ಲ.

ಮೊದಲ ಪರೀಕ್ಷೆಗಳು ಸುಸೂತ್ರವಾಗಿ ಮುಗಿದವು. ಗೌರಾಬಾಯಿ ಭಾಷಣ ಒಪ್ಪಿಸಿದಳು. ಒಗ್ಗಟ್ಟಿನ ಬಗ್ಗೆ ಗಂಟಲು ತುಂಬಿ ಮಾತಾಡಿದಳು. ಅರವತ್ತಕ್ಕೆ ನಲವತ್ತೈದು ಅಂಕ ಬಂತು. ಉಳಿದದ್ದು ನಡಿಗೆ. ನಡಿಗೆ ತಪ್ಪಿದರೆ ಪಂಪು ತಪ್ಪಿದಂತೆ. ಗೌಡರು ವಾಡೆಯ ಗೋಡೆಯ ಬಳಿ ಹಲಗೆ ಬಾರಿಸುವವರನ್ನು ನಿಲ್ಲಿಸಿದ್ದರು. ತೆಂಗಿನಕಾಯಿ ತರಿಸಿದ್ದರು.

ಸೀಟಿ ಕೇಳಿತು. ಜೋಡಿ ಹೊರಟಿತು.

ಹೀಗೆ ನಾವು ಮತ್ತೆ ಗುಡಿಯ ಮುಂದಕ್ಕೆ ಬಂದೆವು.

ನಿಂಬೆವ್ವ ನಿಂತಿದ್ದಳು. ಬಲಗಡೆ ಗೌಡರು, ತೆಂಗಿನಕಾಯಿ, ಸೈದಪ್ಪನ ವರ್ಷ. ಎಡಗಡೆ ಒಂದು ಸುಣ್ಣದ ವೃತ್ತ.

ನಿಂಬೆವ್ವ ಎಡಕ್ಕೆ ಹೊರಳಿದಳು.

ಊರಿನ ಬಾಯಿಗಳೆಲ್ಲ ಒಮ್ಮೆಗೇ ತೆರೆದವು. ಒಮ್ಮೆಗೇ ಮುಚ್ಚಿದವು. ಗೌಡರ ಮುಖ ಬದನೆಯ ಬಣ್ಣಕ್ಕೆ ತಿರುಗಿತು. ಅವರು ಕೈ ಬೀಸಿದರು. ಕಣ್ಣು ಕಟ್ಟಿದವಳಿಗೆ ಕೈ ಕಾಣುವುದೆಲ್ಲಿಂದ? ಅವರು ಕೆಮ್ಮಿದರು. ಇನ್ನೊಮ್ಮೆ, ದೊಡ್ಡದಾಗಿ, ಅರ್ಥ ಬರುವಂತೆ ಕೆಮ್ಮಿದರು. ಜೈತುನಬಿ ಪೆನ್ನು ಎತ್ತಿ ಹಿಡಿದಳು. ಕೆಮ್ಮು ನಿಂತಿತು. ದೌಲತರಾಯ ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಊದದೆ, ಹಿಂದೆ ಹಿಂದೆ ನಡೆದ.

ಚಪ್ಪಲಿಯ ಕೆಳಗಿನ ಹಾಸುಗಲ್ಲು ಮುಗಿದು ಧೂಳು ಬಂದದ್ದು ಗೌರಾಬಾಯಿಗೆ ತಿಳಿಯಿತು.

"ಇದು ಯಾವ ದಾರಿ ಬೇ?"

"ಸುಣ್ಣದ ಗೆರಿ ಇದ್ದಲ್ಲಿ ಹೋಗೋ ದಾರಿರಿ."

ಕೇರಿಯ ಬಾಯಿಯಲ್ಲಿ ಒಂದು ಕಲ್ಲಿದೆ. ವಾಡೆಯ ಹೆಣ್ಣೊಬ್ಬಳು ಅದನ್ನು ದಾಟಿದ ಉದಾಹರಣೆ ಇರಲಿಲ್ಲ. ನಿಂಬೆವ್ವ ಅದರ ಮುಂದೆ ನಿಂತಳು. ಬೆರಳು ಬಿಚ್ಚಿದಳು. ಕೋಲಿನ ತುದಿ ಧೂಳಿಗೆ ಬಿತ್ತು.

"ಯಾಕ ನಿಂತಿ?"

"ಕೋಲು ಬಿಟ್ಟೀನ್ರಿ."

"ಬಿಟ್ಟಿ? ಹಿಡಿ, ಹಿಡಿ! ತಲಿ ಕೆಟ್ಟದೇನ ನಿನಗ?"

"ಮೂರು ದಿನ ಹಿಡದೀನ್ರಿ. ಸಾಕಾಗ್ಯಾದ. ಇನ್ನ ಹಿಡಿಯಂಗಿಲ್ಲ. ಕೈ ಕೊಟ್ರ ಕರ್ಕೊಂಡು ಹೋಗ್ತೇನಿ. ಇಲ್ಲಾಂದ್ರ ಇಲ್ಲೇ ನಿಂದರ್ರಿ. ನಿಂದ್ರೋದು ನಮಗ ರೂಢಿ ಅದ. ನೀವೂ ಒಂದೀಟು ನೋಡ್ರಿ."

"ನಾ ಬಟ್ಟಿ ಬಿಚ್ಚತೇನಿ."

"ಬಿಚ್ಚರಿ. ಸೊನ್ನಿ ಬರತದ. ಬೋರಿನ ಗಾಡಿ ಮುಂದಿನ ಊರಿಗೆ ಹೋಗ್ತದ."

ಬಿಸಿಲು ಏರುತ್ತಿತ್ತು. ಗೌರಾಬಾಯಿಯ ಹಣೆಯಿಂದ ಬೆವರು ಇಳಿದು ಬಟ್ಟೆ ಒದ್ದೆಯಾಯಿತು. ಕೋಲಿನ ಕೆಂಪು ತುದಿ ಅವಳ ಮುಷ್ಟಿಯಲ್ಲೇ ಇತ್ತು. ಇನ್ನೊಂದು ತುದಿ ನೆಲವನ್ನು ಕೆರೆಯುತ್ತಿತ್ತು. ಕೋಲು ಹಿಡಿದ ಕುರುಡಿಯಂತೆ ಅವಳು ನಾಲ್ಕೂ ಕಡೆ ಮುಖ ತಿರುಗಿಸಿದಳು. ಯಾರೂ ಮಾತಾಡಲಿಲ್ಲ. ಮಾತಾಡುವಂತಿರಲಿಲ್ಲ.

"ನಿನ್ನ ಕೈ ನಾ ಹೆಂಗ ಹಿಡೀಲಿ ನಿಂಬೆವ್ವ?" ಈಗ ಅವಳ ದನಿ ಸಣ್ಣದಾಗಿತ್ತು. ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ನಿಮ್ಮ ಹೊಲದ ಕಳೆ ತಗದದ್ದು ಇದೇ ಕೈರಿ. ನಿಮ್ಮ ಜ್ವಾಳ ಕೊಯ್ದದ್ದು ಇದೇ ಕೈ. ಆ ಜ್ವಾಳದ ರೊಟ್ಟಿ ದಿನಾ ತಿಂತೀರಿ. ರೊಟ್ಟಿ ಕೋಲಿಲೇ ಹಿಡದು ತಿಂತೀರೇನ್ರಿ?"

ಗುಂಪಿನ ಹಿಂದೆ ಬಾಳಮ್ಮ ನಗೆ ತಡೆಯಲಾರದೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಗೆ ಮಾತಲ್ಲವೆಂದು ಜೈತುನಬಿ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಗೌರಾಬಾಯಿ ಎಷ್ಟು ಹೊತ್ತು ನಿಂತಳೋ ತಿಳಿಯದು. ಬಾವಿಯ ಬಳಿ ನಿಂಬೆವ್ವ ನಿಲ್ಲುತ್ತಿದ್ದಷ್ಟು ಹೊತ್ತಂತೂ ಅಲ್ಲ. ಕೊನೆಗೆ ಕೋಲು ಅವಳ ಕೈಯಿಂದ ಜಾರಿತು. ಬರಿಗೈ ಮುಂದಕ್ಕೆ ಬಂತು.

ನಿಂಬೆವ್ವ ಹಿಡಿದಳು. ಬಿಗಿಯಾಗಿ ಹಿಡಿದಳು.

"ಕಲ್ಲು ಅದರೀ. ಕಾಲು ಎತ್ತಿ ಇಡ್ರಿ."

ಗೌರಾಬಾಯಿ ಕಲ್ಲು ದಾಟಿದಳು. ಹದಿನೇಳು ಹೆಜ್ಜೆ ನಡೆದಳು. ನಿಂಬೆವ್ವ ಅವಳ ಕೈಗೆ ಒಂದು ಗುಂಡುಕಲ್ಲು ಕೊಟ್ಟಳು. ನಾಲ್ಕು ಏಟಿಗೆ ಗೂಟ ಸುಣ್ಣದ ವೃತ್ತದ ನಡುವೆ ಇಳಿಯಿತು.

ಸೀಟಿ ಕೇಳಿತು. ಬಟ್ಟೆ ಬಿಚ್ಚಿದರು. ಗೌರಾಬಾಯಿ ಸುತ್ತಲೂ ಗುಡಿಸಲುಗಳನ್ನು ನೋಡಿದಳು. ಆಮೇಲೆ ತನ್ನ ಅಂಗೈಯನ್ನು ನೋಡಿಕೊಂಡಳು. ಅದು ಮೊದಲಿನಂತೆಯೇ ಇತ್ತು.

ತಡೆದಿಟ್ಟ ಮಾತುಗಳೆಲ್ಲ ಗೌಡರ ಬಾಯಿಂದ ಒಮ್ಮೆಗೇ ಹೊರಬಿದ್ದವು. "ಕೀಳ್ರಲೇ ಆ ಗೂಟ! ಮೋಸ ಆಗ್ಯಾದ! ಮಾಸ್ತರ, ಮತ್ತೊಮ್ಮೆ ನಡಸ್ರಿ!"

ಜೈತುನಬಿ ಹಾಳೆಗಳ ಕಟ್ಟು ಬಿಚ್ಚಿ ಒಂದು ಹಾಳೆ ಎತ್ತಿ ಹಿಡಿದಳು.

"ಒಮ್ಮೆ ನೆಟ್ಟ ಗೂಟವನ್ನು ಯಾವ ಕಾರಣಕ್ಕೂ ಯಾರೂ ಕದಲಿಸಕೂಡದು. ಇದರ ಕೆಳಗ ಸಹಿ ಯಾರದ್ರಿ ಗೌಡ್ರ? ಮೊಹರು ಭಾಳ ಚೊಲೋ ಮೂಡ್ಯಾದ."

ಅವಳು ಅಂಕ ಬರೆದಳು. ನಂಬಿಕೆಯ ನಡಿಗೆ: ನಲವತ್ತಕ್ಕೆ ನಲವತ್ತು. ಒಟ್ಟು ಎಂಬತ್ತೈದು. ಸುತ್ತಲಿನ ಯಾವ ಊರಿಗೂ ಇಷ್ಟು ಬಂದಿರಲಿಲ್ಲ. ನಗಬೇಕೋ ಅಳಬೇಕೋ ದೌಲತರಾಯನಿಗೆ ತಿಳಿಯಲಿಲ್ಲ.

ನಿಂಬೆವ್ವ ಹತ್ತಿರ ಬಂದು ಹಾಳೆಯೊಳಗೆ ಇಣುಕಿದಳು.

"ನನ್ನ ಹೆಸರು ಎಲ್ಲಿ ಅದರೀ ಅಕ್ಕಾರ?"

ಜೈತುನಬಿ ಹುಡುಕಿದಳು. 'ನಾಯಕಿ' ಎಂಬಲ್ಲಿ ಗೌರಾಬಾಯಿಯ ಹೆಸರಿತ್ತು. 'ಸಂಗಾತಿ' ಎಂಬಲ್ಲಿ 'ಒಬ್ಬರು' ಎಂದು ಮುದ್ರಿಸಿಯೇ ಬಿಟ್ಟಿದ್ದರು.

"ಇದರಾಗ ನಿನಗ ಜಾಗಾ ಇಲ್ಲವ್ವ."

"ಜಾಗಾ ಮಾಡ್ರಿ. ಈ ಹಾಳಿ ಮ್ಯಾಲೂ ಗೋಣಿಚೀಲ ಹಾಸ್ತೀರೇನು ನನಗ?"

ಜೈತುನಬಿ 'ಒಬ್ಬರು' ಎಂಬುದನ್ನು ಹೊಡೆದು ಹಾಕಿದಳು. ಅದರ ಮೇಲೆ ನಿಂಬೆವ್ವನ ಹೆಸರನ್ನು ಗಂಡನ ಹೆಸರಿಲ್ಲದೆ ಬರೆದಳು. ಓದಿ ಹೇಳಿದಳು. 'ಕಾರ್ಯಕ್ರಮದ ನ್ಯೂನತೆಗಳು' ಎಂಬ ದೊಡ್ಡ ಚೌಕ ಇನ್ನೂ ಖಾಲಿ ಇತ್ತು. ಬೆಳಗ್ಗೆ ಬರೆಯದೆ ಬಿಟ್ಟಿದ್ದನ್ನು ಈಗ ಅಲ್ಲಿ ಬರೆದಳು: 'ಕೋಲು, ಒಂದು.'

ಆಮೇಲೆ ಎಲ್ಲವೂ ಸುಖವಾಗಿ ನಡೆಯಲಿಲ್ಲ. ಅಂದು ವಾಡೆಯಲ್ಲಿ ಗೌರಾಬಾಯಿಯ ತಲೆಯ ಮೇಲೆ ಹನ್ನೊಂದು ಕೊಡ ನೀರು ಸುರಿದರು. ಕೇರಿಯ ಕೊಡಗಳಿಗೆ ಎಂಟು ದಿನ ಒಂದು ಹನಿಯನ್ನೂ ಸುರಿಯಲಿಲ್ಲ. ಹೆಂಗಸರು ಮೂರು ಹರದಾರಿ ನಡೆದು ಭೀಮಾ ನದಿಯಿಂದ ನೀರು ಹೊತ್ತರು. ನಿಂಬೆವ್ವನ ಕುತ್ತಿಗೆ ಬಾತು ಹೊರಳದಾಯಿತು. ಯುಗಾದಿಗೆ ಸೈದಪ್ಪನನ್ನು ಕೆಲಸದಿಂದ ತೆಗೆದರು. ಅವನು ಕುಡುಗೋಲು ಹೆಗಲಿಗೇರಿಸಿ ಕಬ್ಬು ಕಡಿಯಲು ಭೂಸನೂರಿನ ಕಡೆ ಹೋದ. ಹೋಗುವಾಗ, "ಎಡಕ್ಕ ಹೊಳ್ಳಿದ್ದು ಬರೋಬ್ಬರಿ ಆತು" ಎಂದಷ್ಟೇ ಹೇಳಿದ.

ಗೂಟ ನೆಟ್ಟ ಒಂಬತ್ತನೆಯ ದಿನವೇ ಬೋರಿನ ಗಾಡಿ ಬಂದಿತ್ತು. ನೀರು ಬಿತ್ತು. ಸಿಹಿಯಾಗಿತ್ತು.

ಮೇ ತಿಂಗಳಲ್ಲಿ ಗೌಡರ ಬಾವಿ ಕೆಸರು ಕಾರಿತು. ಮೂರು ದಿನ ವಾಡೆಗೆ ಗಾಡಿಯಲ್ಲಿ ನೀರು ಬಂತು. ನಾಲ್ಕನೆಯ ದಿನ ಎತ್ತು ಕುಂಟಿತು. ಅಂದು ಮಧ್ಯಾಹ್ನ ಗೌರಾಬಾಯಿ ತಾಮ್ರದ ಕೊಡ ಹಿಡಿದು ಕೇರಿಯ ಕಲ್ಲಿನ ಬಳಿ ಕಾಣಿಸಿಕೊಂಡಳು. ಈ ಸಲ ಕಣ್ಣಿಗೆ ಬಟ್ಟೆ ಇರಲಿಲ್ಲ.

"ಒಂದೀಟು ಎಲ್ಲಾರೂ ಸರೀರಿ. ಪಂಪಿನ ಹಿಡಿಕಿ ತೊಳದು ಕೊಡ್ರಿ. ನಾ ಒಂದು ಕೊಡ ತುಂಬಕೊಂಡು ಹೋಗ್ತೇನಿ."

"ಬರ್ರಿ ಅವ್ವಾರ, ಬರ್ರಿ" ಎಂದಳು ಬಾಳಮ್ಮ. "ನಿಮ್ಮ ಮುಂದ ಒಂಬತ್ತು ಕೊಡ ಅದಾವ. ಹತ್ತನೇದು ನಿಮ್ದು. ಅಲ್ಲೇ ಸಾಲಿನ್ಯಾಗ ಇಡ್ರಿ."

ಗೌರಾಬಾಯಿ ಹಿಂದಕ್ಕೆ ನೋಡಿದಳು. ಮುಂದಕ್ಕೆ ನೋಡಿದಳು. ಕಲ್ಲು ದಾಟಿದಳು. ಕೊಡವನ್ನು ಸಾಲಿನಲ್ಲಿ ಇಟ್ಟಳು. ಬಿಸಿಲಿನಲ್ಲಿ ನಿಂತಳು.

ಒಂಬತ್ತು ಕೊಡ ತುಂಬಿದವು. ಒಂಬತ್ತನೆಯದು ನಿಂಬೆವ್ವನದು. ಅವಳು ಹಿಡಿಕೆ ಬಿಟ್ಟು ಸರಿದು ನಿಂತಳು. ಕಬ್ಬಿಣದ ಹಿಡಿಕೆ ಒಂಬತ್ತು ಹೆಂಗಸರ ಕೈಬೆವರಿನಿಂದ ಹೊಳೆಯುತ್ತಿತ್ತು. ಗೌರಾಬಾಯಿಯ ಕಣ್ಣುಗಳು ಅದರ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓಡಾಡಿದವು.

"ಕೆಂಪು ಬಟ್ಟಿ ಹುಡಕಬ್ಯಾಡ್ರಿ ಅವ್ವಾರ" ಎಂದಳು ನಿಂಬೆವ್ವ. "ಇದಕ್ಕ ಹಿಡಿಯೋ ತುದಿ ಒಂದೇ ಅದ."